ವಿಮಾನ ಬೇಯಿಸುವ ಬ್ಯಾರನ್

ನನ್ನ ಮೊಮ್ಮಗಳು ಬಟ್ಟೆಯಿಂದ ವಿಮಾನ ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಳೆ ಎಂದರೆ ಜನ ನನ್ನ ಮುಖ ನೋಡುತ್ತಾರೆ. ಮುದುಕಿಗೆ ಬುದ್ಧಿ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ನಾನು ಹೋಗಿ ನೋಡಿ ಬಂದಿದ್ದೇನೆ, ಅವರು ನೋಡಿಲ್ಲ.

ಅವಳು ನನ್ನ ಮಗಳ ಮಗಳು. ನನ್ನ ಮನೆ ರಾವಂದೂರಿನ ಕಡೆ. ಮಗಳನ್ನು ಕೊಟ್ಟಿರುವುದು ಕಂಪಲಾಪುರದ ಹತ್ತಿರ. ಅಳಿಯ ಹೊಗೆಸೊಪ್ಪು ಬೆಳೆಯುತ್ತಾನೆ, ಸ್ವಂತ ಬ್ಯಾರನ್ ಇದೆ. ಬ್ಯಾರನ್ ಅಂದರೆ ಸೊಪ್ಪು ಬೇಯಿಸುವ ಎತ್ತರದ ಮನೆ. ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿ, ಒಳಗೆ ಸಾಲು ಸಾಲಾಗಿ ಏರಿಸಿ, ಹೊರಗಿನ ಒಲೆಗೆ ಸೌದೆ ಹಾಕಿ ಕಾಯುತ್ತಾ ಕೂರಬೇಕು. ಸೊಪ್ಪಿನ ಕಾಲದಲ್ಲಿ ನಾನು ಮಗಳ ಮನೆಯಲ್ಲೇ ಇರುತ್ತೇನೆ. ಕಣ್ಣು ಮಂಜಾಗಿದ್ದರೂ ಕಡ್ಡಿಗೆ ಕಟ್ಟುವ ಕೈ ಇನ್ನೂ ಓಡುತ್ತದೆ.

ಮೊಮ್ಮಗಳು ಹುಣಸೂರಿನಲ್ಲಿ ಐಟಿಐ ಓದಿ ಆ ಕಾರ್ಖಾನೆಗೆ ಸೇರಿದಳು. ಮೈಸೂರಿನ ಕಡೆ ಇದೆ. ಸಣ್ಣ ವಿಮಾನ ಮಾಡುತ್ತಾರೆ, ನಮ್ಮ ಕಂಪಲಾಪುರದ ಮಿನಿ ಬಸ್ಸಿನಲ್ಲಿ ಕೂರುವಷ್ಟು ಜನ ಕೂರಬಹುದು. ಸೇರಿ ಸ್ವಲ್ಪ ದಿನಕ್ಕೆ ಫೋನಿನಲ್ಲಿ ಅವರಪ್ಪನಿಗೆ ಖುಷಿಯಿಂದ ಹೇಳಿದಳು:

"ಅಪ್ಪಾ, ಕರೀ ಬಟ್ಟೆಗೆ ಅಂಟಾಕಿರ್ತಾರೆ. ಒಂದ್ರ ಮ್ಯಾಲೊಂದು ಆಸಿ ಬೇಯುಸ್ತೀವಿ. ಅದೇ ಇಮಾನ ಆಯ್ತದೆ!"

ಹೇಳಬಾರದಿತ್ತು. ಅಳಿಯ ಅದನ್ನು ಟೀ ಅಂಗಡಿಯಲ್ಲಿ ಆಡಿದ. ಮಾರನೆಯ ದಿನದಿಂದ ಅವನಿಗೆ ಟೀ ಕುಡಿಯುವುದೇ ಕಷ್ಟವಾಯಿತು.

"ಏನಣ್ಣೋ, ನಿನ್ ಮಗಳು ಸೀರೆ ಬೇಯ್ಸಿ ಇಮಾನ ಮಾಡ್ತಾವ್ಳಂತೆ? ನಮ್ಮನೇಲೂ ಅಳೇ ಸೀರೆ ಬಿದ್ದವೆ, ಕಳುಸ್ಲಾ?"

"ಮಳೇಲಿ ನೆಂದ್ರೆ ಎಂಗಣ್ಣ, ಒಣಗಾಕ್ಬೇಕಾ?"

ತಮಾಷೆಯನ್ನು ಅವನು ತಡೆದುಕೊಂಡ. ಅವನನ್ನು ತಿಂದದ್ದು ಬೇರೆ. ಊಟಕ್ಕೆ ಕೂತಾಗಲೆಲ್ಲ ಅದೇ ಮಾತು. "ಕಬ್ಬಿಣದ್ದಾದ್ರೆ ಮಾತು ಬ್ಯಾರೆ. ಬಟ್ಟೆ, ಗೋಂದು ಅಂತಾಳೆ. ನಾಳಿಕ್ಕೆ ಅದು ಮ್ಯಾಲಿಂದ ಬಿದ್ರೆ ಒಳಗ್ ಕುಂತಿದ್ದೋರ ಪಾಪ ಯಾರ್ ತಲೆಗೆ? ನನ್ ಮಗಳ ತಲೆಗೆ! ಈ ಸೊಪ್ಪು ಮುಗುದ್ಮ್ಯಾಲೆ ಓಗಿ ಕರ್ಕಂಬತ್ತೀನಿ."

ನನ್ನ ಮಗಳು ಗಂಡನ ಎದುರು ಮಾತನಾಡಲಿಲ್ಲ. ತಟ್ಟೆಗೆ ಸಾರು ಮಾತ್ರ ಕಡಿಮೆ ಬಿಡತೊಡಗಿದಳು. ಮುದ್ದೆ ಒಣಗಿಕೊಂಡು ಗಂಟಲಿಗೆ ಹತ್ತುತ್ತಿತ್ತು. ಅವನು ಕೇಳಲಿಲ್ಲ, ಅವಳು ಹಾಕಲಿಲ್ಲ.

ಮೊಮ್ಮಗಳು ಫೋನಿನಲ್ಲಿ ಮೊದಲು ಅತ್ತಳು. ಆಮೇಲೆ ಅಳು ನಿಲ್ಲಿಸಿ ಸಿಟ್ಟಾದಳು. "ನೀನೇ ಬಂದು ನೋಡು. ನೋಡ್ದೆ ಮಾತಾಡ್ಬ್ಯಾಡ." ಕೆಲಸಗಾರರ ಮನೆಯವರಿಗೆ ವರ್ಷಕ್ಕೊಮ್ಮೆ ಕಾರ್ಖಾನೆ ತೋರಿಸುತ್ತಾರಂತೆ, ಒಬ್ಬರ ಕಡೆಯಿಂದ ಇಬ್ಬರು ಹೋಗಬಹುದು. ಸರಿ, ದಿನ ಬಂತು. ಬಂದರೆ ಅಳಿಯ ಬ್ಯಾರನ್ ಒಲೆ ಹೊತ್ತಿಸಿ ಆಗಿದೆ, ಒಳಗೆ ಸೊಪ್ಪು ಹಳದಿ ತಿರುಗುತ್ತಿದೆ. ಆ ಹೊತ್ತಿನಲ್ಲಿ ಯಾರೂ ಬ್ಯಾರನ್ ಬಿಟ್ಟು ಅಲ್ಲಾಡುವುದಿಲ್ಲ.

ನನ್ನ ಹತ್ತಿರ ಬಂದು ಕೂತ. "ಅತ್ತೆಮ್ಮ, ನೀವ್ ಓಗಿ ಬನ್ನಿ. ನೀವು ಇನ್ನೊಬ್ರ ಮುಖ ನೋಡ್ಕಂಡು ಮಾತಾಡೋರಲ್ಲ. ನೋಡ್ಕಂಡು ಬಂದು, ಇರ್ಲಿ ಅಂದ್ರೆ ಇರ್ತಾಳೆ. ಬ್ಯಾಡ ಅಂದ್ರೆ ಗಂಟುಮೂಟೆ ಕಟ್ಕಂಡು ಬರ್ಲಿ."

ಈ ಜವಾಬ್ದಾರಿ ನನಗೆ ಬೇಕಿರಲಿಲ್ಲ. ಇನ್ನೊಂದು ಮಾತು. ಕರೆದುಕೊಂಡು ಬರುವುದೇ ಸರಿ ಎಂದು ನನಗೂ ಒಳಗೆ ಇತ್ತು. ಬಟ್ಟೆಯ ಭಯ ನನಗಿರಲಿಲ್ಲ. ನನ್ನ ಅನುಮಾನ ಹುಡುಗಿಯ ಕೈ ಮೇಲೆ. ಚಿಕ್ಕವಳಿದ್ದಾಗ ಸೊಪ್ಪು ಕಟ್ಟಲು ಕೂರಿಸಿದರೆ, ಹರಿದ ಎಲೆ, ಕೊಳೆತ ಎಲೆ ಎಲ್ಲವನ್ನೂ ಒಳ್ಳೆಯ ಎಲೆಗಳ ನಡುವೆ ಸೇರಿಸಿ ಕಟ್ಟಿಬಿಡುತ್ತಿದ್ದಳು. ಮೇಲಿಂದ ನೋಡಿದರೆ ಕಡ್ಡಿ ಹೂವಿನ ಹಾರದ ಹಾಗೆ. ಬೆಂದು ಹೊರಗೆ ಬಂದ ಮೇಲೆ ನಡುವೆ ಕರೀ ಕಸ. ಬೆರಳ ಗೆಣ್ಣಿನ ಮೇಲೆ ಅದೇ ಕಡ್ಡಿಯಿಂದ ಕೊಟ್ಟಿದ್ದೇನೆ. ಅಂಥ ಕೈ ಕಟ್ಟಿದ ವಿಮಾನವನ್ನು ಯಾರಾದರೂ ಹತ್ತುತ್ತಾರಾ? ನಾನಂತೂ ಹತ್ತುವುದಿಲ್ಲ ಅಂದುಕೊಂಡೇ ಹೊರಟೆ.

ಇನ್ನೊಂದು ಪಾಸು ಬೀಗಿತ್ತಿಗೆ, ಅಂದರೆ ಅಳಿಯನ ತಾಯಿಗೆ. ಅವಳ ತವರು ಭೇರ್ಯ. ನಾಲೆ ನೀರು, ಭತ್ತದ ಗದ್ದೆ ನೋಡಿ ಬೆಳೆದವಳು, ಅದನ್ನು ನಮಗೆ ಮರೆಯಲು ಬಿಡುವುದಿಲ್ಲ. ಮೊದಲು ನಾವಿಬ್ಬರೂ ನೀವು, ಬನ್ನಿ ಎನ್ನುತ್ತಿದ್ದೆವು. ಎದುರುಬದುರು ಕೂತು ಸೊಪ್ಪು ಕಟ್ಟಿ ಕಟ್ಟಿ ಆ ಮರ್ಯಾದೆಯೆಲ್ಲ ಹೋಯಿತು. ಅವಳದೊಂದು ಚಾಳಿ. ಹೊಸದು ಏನು ಕಂಡರೂ ಕುಂಕುಮ ಇಡಬೇಕು. ಟ್ರ್ಯಾಕ್ಟರ್, ಮಿಕ್ಸಿ, ಗ್ಯಾಸ್ ಸಿಲಿಂಡರ್ ಯಾವುದನ್ನೂ ಬಿಟ್ಟಿಲ್ಲ. ಮಗ ಹೊಸ ಮೊಬೈಲ್ ತಂದಾಗ ಅದರ ಕಿವಿಗೇ ಇಟ್ಟಳು. ಒಂದು ವಾರ ಯಾರ ಮಾತೂ ಕೇಳಿಸಲಿಲ್ಲ.

ಹುಣಸೂರು ಬಸ್‌ಸ್ಟ್ಯಾಂಡಿಗೆ ಕಾರ್ಖಾನೆಯ ವ್ಯಾನು ಬಂದಿತ್ತು. ಗೇಟಿನಲ್ಲಿ ಇಳಿಸಿ ಒಬ್ಬೊಬ್ಬರನ್ನೇ ತಡವಿ ನೋಡಿದರು. ಬೀಗಿತ್ತಿಯ ಚೀಲದಿಂದ ನಿಂಬೆಹಣ್ಣು ಬಂತು, ಎಲೆಅಡಿಕೆ ಬಂತು, ಒಂದು ತೆಂಗಿನಕಾಯಿಯೂ ಬಂತು. ಕಾವಲಿನ ಹುಡುಗಿ ಕಾಯಿ ಅಲ್ಲಾಡಿಸಿ ನೋಡಿ ಮೇಜಿನ ಮೇಲೆ ಇಟ್ಟುಕೊಂಡಳು. ತಲೆಯ ಹೂ ತೆಗೆಸಿದರು. ಬಳೆಯ ಮೇಲೆ ಪಟ್ಟಿ ಸುತ್ತಿದರು. ಬಿಳೀ ಕೋಟು, ತಲೆಗೆ ಟೋಪಿ, ಕಾಲಿಗೆ ಚೀಲ, ಕೈಗೆ ಚೀಲ.

ಬೀಗಿತ್ತಿ ಕನ್ನಡಿಯಲ್ಲಿ ನೋಡಿಕೊಂಡಳು. "ಏನೆ, ನಾವಿಬ್ರೂ ಆಪರೇಸನ್ ಮಾಡಾಕೆ ಓಯ್ತಾ ಇದೀವಾ?"

"ಊಂ, ನಿನ್ ನಾಲ್ಗೆಗೆ. ಬಾ."

ಸೊಂಟದಲ್ಲಿ ಸಿಕ್ಕಿಸಿದ್ದ ಅವಳ ಕುಂಕುಮದ ಡಬ್ಬಿ ಮಾತ್ರ ಯಾರ ಕೈಗೂ ಸಿಗಲಿಲ್ಲ. ನನಗೂ ಗೊತ್ತಿರಲಿಲ್ಲ.

ನಮ್ಮ ಗುಂಪಿಗೆ ತೋರಿಸಿದವಳು ಮೊಮ್ಮಗಳ ಮೇಲಿನ ಮೇಡಂ. ಉದ್ದನೆಯ ಹೆಂಗಸು, ಎಚ್.ಡಿ. ಕೋಟೆ ದಾಟಿ ಗಡಿಯ ಆಚೆಯವಳು. ಕನ್ನಡವನ್ನು ಮಲಯಾಳದ ರಾಗದಲ್ಲಿ ಆಡುತ್ತಿದ್ದಳು. "ಅಮ್ಮೆ, ಈ ಹಳದಿ ಗೆರೆ ದಾಟಬೇಡಿ ಟ್ಟೋ. ಏನೂ ಮುಟ್ಟಬೇಡಿ ಟ್ಟೋ."

ಮೊದಲು ಒಂದು ತಣ್ಣನೆಯ ಕೋಣೆ. ಕರೀ ಬಟ್ಟೆಯ ಸುರುಳಿಗಳನ್ನು ಮಂಜುಗಡ್ಡೆಯಂಥ ಚಳಿಯಲ್ಲಿ ಇಟ್ಟಿದ್ದಾರೆ. ಅಂಟು ಬಟ್ಟೆಯೊಳಗೇ ಇರುತ್ತದಂತೆ, ಹೊರಗಿಟ್ಟರೆ ತಾನಾಗಿ ಗಟ್ಟಿಯಾಗುತ್ತದಂತೆ. ದೋಸೆ ಹಿಟ್ಟು ಹುಳಿ ಬರಬಾರದು ಎಂದು ಫ್ರಿಜ್ಜಿನಲ್ಲಿ ಇಡುವ ಲೆಕ್ಕ. ಬೀಗಿತ್ತಿ ಹಲ್ಲು ಕಟಕಟ ಅನ್ನಿಸಿಕೊಂಡು, "ನೋಡ್ದಾ, ಸೀರೆ ಅಲ್ಲ ಕಣೆ. ಗೋಣಿತಾಟಿನಂಗೈತೆ," ಅಂದಳು.

ಅದರಾಚೆ ದೊಡ್ಡ ಶೆಡ್ಡಿನಲ್ಲಿ ಮುಗಿದ ರೆಕ್ಕೆಯೊಂದನ್ನು ಮರದ ಕಾಲುಗಳ ಮೇಲೆ ಮಲಗಿಸಿದ್ದರು. ಅದನ್ನು ಮುಟ್ಟಬಹುದು ಅಂದರು. ನಾನು ಬೆರಳ ಗೆಣ್ಣಿನಿಂದ ಹಲಸಿನ ಹಣ್ಣು ತಟ್ಟುವ ಹಾಗೆ ಅಲ್ಲಲ್ಲಿ ತಟ್ಟಿ ಕಿವಿ ಕೊಟ್ಟೆ. ಒಂದು ಕಡೆ ಸದ್ದು ಬೇರೆ ಬಂತು.

"ಇಲ್ಲಿ ಇನ್ನೂ ಬಲ್ತಿಲ್ಲ ಕಣವ್ವ," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

ಮೇಡಂ ನಕ್ಕಳು. "ನಾವೂ ತಟ್ಟಿ ನೋಡ್ತೀವಿ ಅಮ್ಮೆ. ಆದರೆ ಅಲ್ಲಿ ಒಳಗೆ ಅಡ್ಡಪಟ್ಟಿ ಇದೆ, ಅದಕ್ಕೆ ಸದ್ದು ಬೇರೆ. ಮಿಷನ್ ಇಟ್ಟು ಒಳಗೆಲ್ಲ ನೋಡಿ ಆಗಿದೆ. ಇದು ಬಲಿತದ್ದೇ."

ಹಲಸಿನ ವಿದ್ಯೆ ಅಲ್ಲಿಗೆ ನಿಂತಿತು. ಬೀಗಿತ್ತಿ ಕಿಸಿಕಿಸಿ ನಗುತ್ತಲೇ ಇದ್ದಳು.

ಮೇಡಂ ಉಳಿದ ತುಂಡೊಂದನ್ನು ನನ್ನ ಕೈಗೆ ಕೊಟ್ಟು ಮುರಿಯಿರಿ ಅಂದಳು. ಅಂಗೈ ಅಗಲ, ಮೊಳದುದ್ದ ಇದೆ, ಸೀದ ರೊಟ್ಟಿಯ ಬಣ್ಣ. ತೂಕವೇ ಇಲ್ಲ. ನಾನು ಮೊಣಕಾಲಿಗೆ ಆನಿಸಿ ಎಳೆದೆ, ಆಗಲಿಲ್ಲ. ನಮ್ಮ ಹಿಂದಿದ್ದ ಮೀಸೆಯ ಗಂಡಸೊಬ್ಬ ಇಸಿದುಕೊಂಡ, ಮುಖ ಕೆಂಪಗೆ ಮಾಡಿಕೊಂಡು ವಾಪಸು ಕೊಟ್ಟ. ಬೀಗಿತ್ತಿ ಅದನ್ನು ಎರಡು ಸ್ಟೂಲಿನ ನಡುವೆ ಇಡಿಸಿ ಮೇಲೆ ಹತ್ತಿ ನಿಂತೇ ಬಿಟ್ಟಳು. ಅವಳ ಮೈ ಸಣ್ಣದಲ್ಲ. ತುಂಡು ಸ್ವಲ್ಪ ಬಾಗಿ, ಅವಳು ಇಳಿದ ಕೂಡಲೇ ಮತ್ತೆ ನೆಟ್ಟಗಾಯಿತು.

ಬಟ್ಟೆಯ ಚಿಂತೆ ಮುಗಿಯಿತು. ನನ್ನ ಚಿಂತೆ ಉಳಿಯಿತು. ಬಟ್ಟೆ ಎಷ್ಟು ಗಟ್ಟಿಯಿದ್ದರೇನು, ಹಾಸುವ ಕೈ ಸರಿಯಿರಬೇಕಲ್ಲ.

ಅಲ್ಲಿಂದ ಮುಂದೆ ಒಂದು ಭಾರೀ ಕಬ್ಬಿಣದ ಕೊಳವೆ ಅಡ್ಡ ಮಲಗಿತ್ತು. ಎತ್ತಿನ ಗಾಡಿ ಒಳಗೆ ಹೋಗಿ ತಿರುಗಿ ಬರಬಹುದು, ಅಷ್ಟು ದೊಡ್ಡದು. ಬಾಯಿಗೆ ಗುಂಡನೆಯ ಬಾಗಿಲು.

"ಹಾಸಿದ ಬಟ್ಟೆನ ಇದರೊಳಗೆ ಕ್ಯೂರಿಂಗ್ ಮಾಡ್ತೀವಿ," ಅಂದಳು ಮೇಡಂ.

ಗುಂಪಿನವರು ಒಬ್ಬರ ಮುಖ ಒಬ್ಬರು ನೋಡಿದರು. ನಾವಿಬ್ಬರೂ ಮೊಣಕೈಯಲ್ಲಿ ತಿವಿದುಕೊಂಡೆವು. ಈ ಪದ ನಮಗೆ ಹೊಸದಾ? ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಹಾಲು ಕುಡಿಯುವ ಮಗುವಿಗೂ ಕ್ಯೂರಿಂಗ್ ಗೊತ್ತು. ಸೊಪ್ಪು ಬೇಯಿಸುವುದಕ್ಕೆ ನಮ್ಮ ಕಡೆ ಅದೇ ಮಾತು.

"ಬ್ಯಾರನ್ ಕಣೆ!" ಅಂದೆ ಬೀಗಿತ್ತಿಗೆ. "ಮಲುಗ್ಸಿರೋ ಬ್ಯಾರನ್ನು!"

ನನಗೆ ಧೈರ್ಯ ಬಂತು. ಮುಂದೆ ಹೋಗಿ ಕೇಳಿದೆ. "ಅಳ್ದಿ ತಿರುಗುದ್ಮ್ಯಾಲೆ ಉರಿ ಜಾಸ್ತಿ ಮಾಡ್ತೀರೇನವ್ವ?"

"ಹಳದಿ?" ಮೇಡಂ ಕಣ್ಣು ಬಿಟ್ಟಳು. "ಹಳದಿ ಬರಲ್ಲ ಅಮ್ಮೆ. ಕಪ್ಪಗೆ ಒಳಗೆ ಹೋಗುತ್ತೆ, ಕಪ್ಪಗೇ ಹೊರಗೆ ಬರುತ್ತೆ."

"ಮತ್ತೆ ಬೆಂದಿದ್ದು ಎಂಗ್ ಗೊತ್ತಾಯ್ತದೆ? ನಡುವೆ ಬಾಗ್ಲು ತೆಗ್ದು ಮುರ್ದು ನೋಡ್ತೀರಾ?"

"ಅಯ್ಯೋ, ನಡುವೆ ತೆಗೆದರೆ ಎಲ್ಲ ಹೋಯ್ತು. ಶಾಖದ ಜೊತೆ ಒಳಗೆ ಗಾಳಿಯ ಒತ್ತಡನೂ ಇರುತ್ತೆ. ತಂತಿ ಇಟ್ಟಿರ್ತೀವಿ, ಅದು ಹೊರಗಡೆ ಹೇಳುತ್ತೆ."

ನಮ್ಮಲ್ಲಿ ಕಿಟಕಿಯಿಂದ ಬ್ಯಾಟರಿ ಬಿಟ್ಟು ಶಾಖದ ಕಡ್ಡಿ ನೋಡುತ್ತೇವೆ, ಮೂಗಿನಲ್ಲಿ ವಾಸನೆ ಹಿಡಿಯುತ್ತೇವೆ. ಇವರದು ಬೇರೆ ತರಹ. ಆದರೂ ಕಾಯುವ ಕೆಲಸ ಒಂದೇ.

ಕೊನೆಗೆ ಬಟ್ಟೆ ಹಾಸುವ ಕೋಣೆ. ಎಲ್ಲರೂ ಬಿಳೀ ಬಟ್ಟೆಯಲ್ಲಿ, ಕಣ್ಣು ಮಾತ್ರ ಕಾಣುತ್ತದೆ. ನನ್ನ ಮೊಮ್ಮಗಳನ್ನು ನಾನು ಗುರುತು ಹಿಡಿದದ್ದು ನಿಂತ ರೀತಿಯಲ್ಲಿ. ಅವರಮ್ಮನ ಹಾಗೆ ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಲ್ಲುತ್ತಾಳೆ. ಮುಂದಿನ ಮೇಜಿನ ಮೇಲೆ ವಿಮಾನದ ಬಾಲದ ಒಂದು ಹಲಗೆ, ಅರ್ಧ ಹಾಸಿತ್ತು. ಬಟ್ಟೆಯ ಬೆನ್ನಿಗೆ ಕಾಗದ ಅಂಟಿರುತ್ತದೆ. ಅದನ್ನು ಸುಲಿದು, ಮೇಲಿಂದ ಬೀಳುವ ಹಸಿರು ಬೆಳಕಿನ ಗೆರೆಗೆ ಸರಿಯಾಗಿ ಹಾಸಬೇಕು. ಒಂದು ಪದರ ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ, ಹುಲ್ಲಿನ ಮೆದೆ ಒಟ್ಟುವಾಗ ಹಾಕುತ್ತೇವಲ್ಲ, ಹಾಗೆ.

ಮೇಡಂ ಬೇರೆಯವರಿಗೆ ಹೇಳುತ್ತಿದ್ದಾಗ ಹುಡುಗಿ ನನ್ನ ಕಡೆ ಬಾಗಿ ಪಿಸುಗುಟ್ಟಿದಳು. "ಅಜ್ಜಿ, ಅಪ್ಪಂಗೆ ಏನಂತ ಏಳ್ತೀಯಾ?"

"ಇನ್ನೂ ನೋಡ್ತಾ ಇವ್ನಿ. ಕೆಲ್ಸ ಮಾಡಮ್ಮಿ."

ಬೀಗಿತ್ತಿ ನನ್ನ ಕೋಟು ಎಳೆದಳು. "ಇದು ಇನ್ನೂ ಬ್ಯಾರನ್‌ಗೆ ಓಗಿಲ್ವಾ?"

"ಇಲ್ಲ, ಏರ್ಸೋದು ಬಾಕಿ," ಅಂದೆ. ಮಾತು ಅಷ್ಟೇ. ಇವತ್ತಿಗೂ ತಪ್ಪು ನನ್ನದೇ ಎನ್ನುತ್ತಾಳೆ.

ಏಕೆಂದರೆ ನಮ್ಮಲ್ಲಿ ಬ್ಯಾರನ್ ತುಂಬುವಾಗ ಮೊದಲ ಕಡ್ಡಿಗೆ ಕುಂಕುಮ ಇಟ್ಟು ಕೈ ಮುಗಿಯದೆ ಯಾರೂ ಒಳಗೆ ಏರಿಸುವುದಿಲ್ಲ. ಆ ಮನೆಯಲ್ಲಿ ಅದನ್ನು ಇಡುವವಳು ಬೀಗಿತ್ತಿ, ಸೊಸೆಯಾಗಿ ಬಂದಾಗಿನಿಂದ. ಸ್ವಂತ ಮೊಮ್ಮಗಳ ಹಲಗೆ ಬರೀ ಹಣೆಯಲ್ಲಿ ಬ್ಯಾರನ್‌ಗೆ ಹೋಗುವುದನ್ನು ಅವಳು ಹೇಗೆ ನೋಡಿಯಾಳು? ಕೈಯ ಚೀಲ ಕಿತ್ತಳು, ಸೊಂಟಕ್ಕೆ ಕೈ ಹಾಕಿದಳು, ಹಳದಿ ಗೆರೆ ದಾಟಿದಳು. ಹಲಗೆಯ ಮೂಲೆಯಲ್ಲಿ ಒಂದು ಬೊಟ್ಟು ಇಟ್ಟು, ಕಣ್ಣು ಮುಚ್ಚಿ ಕೈ ಮುಗಿದು, ಹಿಂದಕ್ಕೆ ಬಂದು ನಿಂತಳು. ಮೇಡಂ ಬೆನ್ನು ಹಾಕಿದ್ದಳು. ಗುಂಪು ಮೇಡಂನ ಬಾಯಿ ನೋಡುತ್ತಿತ್ತು.

ಕಂಡವಳು ನಾನು. ಕಂಡವಳು ಹುಡುಗಿ.

ಅವಳ ಕೈಯಲ್ಲಿ ಮುಂದಿನ ಪದರ ಸಿದ್ಧವಾಗಿತ್ತು, ಕಾಗದ ಸುಲಿದಾಗಿತ್ತು. ಹಾಸಿಬಿಟ್ಟರೆ ಬೊಟ್ಟು ಅದರ ಅಡಿಗೆ ಹೋಗುತ್ತದೆ. ಕೇಳುವವರಿಲ್ಲ. ಇವತ್ತೇ, ನನ್ನೆದುರಿಗೇ ಅವಳ ಕೆಲಸ ಕೆಟ್ಟಿತು ಎಂದಾದರೆ ಅವಳಪ್ಪ ಏನು ಮಾಡುತ್ತಾನೆ ಎಂದೂ ಅವಳಿಗೆ ಗೊತ್ತು. ನನಗೆ ಆ ಹಳೆಯ ಕಡ್ಡಿಗಳು ಕಣ್ಣ ಮುಂದೆ ಬಂದವು, ಮೇಲೆ ಹಾರ, ನಡುವೆ ಕಸ. ಇವಳೇನು ಮಾಡುತ್ತಾಳೋ ನೋಡಿಬಿಡೋಣ ಎಂದು ನಿಂತೆ.

ಹುಡುಗಿ ಕೈಯಲ್ಲಿದ್ದ ಪದರವನ್ನು ಪಕ್ಕಕ್ಕೆ ಇಟ್ಟಳು. ಕೈ ಎತ್ತಿದಳು. "ಮೇಡಂ, ನನ್ನ ಹಲಗೆ ಮೇಲೆ ಕುಂಕುಮ ಬಿದ್ದಿದೆ."

ಎಲ್ಲರೂ ತಿರುಗಿದರು.

"ಬಿದ್ದಿಲ್ಲ ಕಣವ್ವ," ಅಂದಳು ಬೀಗಿತ್ತಿ, ಎದೆಯುಬ್ಬಿಸಿ. "ನಾನೇ ಇಟ್ಟಿದ್ದು."

ಗುಂಪು ಗೊಳ್ಳೆಂದಿತು. ಮೇಡಂ ನಗಲಿಲ್ಲ. ಬಂದು ಬಾಗಿ ನೋಡಿದಳು. "ಅಮ್ಮೆ, ಇದರಲ್ಲಿ ಎಣ್ಣೆ ಇದೆಯಾ?"

"ಎಣ್ಣೆ ಇಲ್ದಿದ್ರೆ ಕುಂಕ್ಮ ಎಲ್ಲವ್ವ ನಿಲ್ತದೆ?"

ಎಣ್ಣೆ ಇರುವ ಜಾಗದಲ್ಲಿ ಅಂಟು ಹಿಡಿಯುವುದಿಲ್ಲ, ಪದರ ಬಿಡಿಸಿಕೊಳ್ಳುವುದು ಅಲ್ಲಿಂದಲೇ ಎಂದು ಮೇಡಂ ಮೆಲ್ಲಗೆ ತಿಳಿಸಿ ಹೇಳಿದಳು. ಬೀಗಿತ್ತಿಯ ಮುಖ ಸಣ್ಣದಾಯಿತು. "ಒಳ್ಳೇದಾಗ್ಲಿ ಅಂತ ಇಟ್ಟೆ..."

"ಒಳ್ಳೇದುಕ್ಕೇ ಇಟ್ಟೆ ಬುಡಜ್ಜಿ," ಅಂದಳು ಹುಡುಗಿ. "ಒಂದು ಪದರ ಓಯ್ತು, ಅಷ್ಟೆ. ಇನ್ನೊಂದು ಆಸ್ತೀನಿ."

ಕುಂಕುಮ ತಾಕಿದ ಪದರವನ್ನು ಪೂರ್ತಿ ಕಿತ್ತಳು. ಕೆಳಗಿನದಕ್ಕೆ ಏನೂ ತಗುಲಿಲ್ಲ ಎಂದು ದೀಪ ಹಿಡಿದು ಇವಳು ನೋಡಿದಳು, ಆಮೇಲೆ ಮೇಡಂ ನೋಡಿದಳು. ಹೊಸ ಬಟ್ಟೆ ಬಂತು. ಹಾಸತೊಡಗಿದಳು. ತೆಳ್ಳನೆಯ ಒಂದು ಪಟ್ಟಿ ಹಿಡಿದು ನಡುವಿನಿಂದ ಹೊರಕ್ಕೆ ಗಾಳಿ ಒತ್ತುತ್ತಾ ಬಂದಳು. ಮೂಲೆಯಲ್ಲಿ ಸಣ್ಣ ಸುಕ್ಕೊಂದು ನಿಂತಿತು. ನಾನಾಗಿದ್ದರೆ ಇರಲಿ ಎಂದು ಬಿಡುತ್ತಿದ್ದೆ. ಅವಳು ಎತ್ತಿ ಮತ್ತೆ ಹಾಸಿದಳು. ಮತ್ತೆ ನಿಂತಿತು. ಮತ್ತೆ ಎತ್ತಿದಳು. ಗುಂಪಿನವರೆಲ್ಲ ಕ್ಯಾಂಟೀನಿಗೆ ಹೋದರು. ನಾನು ಹೋಗಲಿಲ್ಲ. ಸುಕ್ಕು ಹೋಗುವವರೆಗೆ ನಿಂತಿದ್ದೆ.

"ಮುಚ್ಚಾಕ್ಬೋದಿತ್ತಲ್ಲಮ್ಮಿ?" ಎಂದು ಕೇಳಿದೆ.

"ನೀನು ಕಡ್ಡೀಲಿ ಕೊಟ್ಟ ಏಟು ನೆಪ್ಪಾಯ್ತು." ಕಣ್ಣಿನಲ್ಲೇ ನಕ್ಕಳು. ಆಮೇಲೆ ಹೇಳಿದಳು, "ಸುಳ್ಳು ಕಣಜ್ಜಿ. ಒಳಗಿರದು ಇಮಾನ್ದಲ್ಲಿ ಕುಂತೋರ್ಗೆ ಕಾಣಾಕಿಲ್ವಲ್ಲ, ಅದ್ಕೇಯ."

ಕ್ಯಾಂಟೀನಿಗೆ ಹೋದರೆ ಕೇಸರಿಬಾತ್ ಮುಗಿದುಹೋಗಿತ್ತು. ಆ ದಿನ ಬೇಜಾರಾದದ್ದು ಅದೊಂದೇ. ಬೀಗಿತ್ತಿ ತನ್ನ ಪಾಲು ತಿಂದು, ನನ್ನ ಪಾಲನ್ನೂ ತಿಂದು, ಸಮಾಧಾನ ಮಾಡಿಕೊಂಡು ಕೂತಿದ್ದಳು.

ಸಂಜೆ ಊರಿಗೆ ಬಂದೆವು. ಅಳಿಯ ಬ್ಯಾರನ್ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದ. ನನ್ನ ಮಗಳು ಒಳಗಿನ ಕೆಲಸ ಬಿಟ್ಟು ಬಂದು ಬಾಗಿಲಲ್ಲಿ ನಿಂತಳು.

"ನಾನೇನೂ ಮಾಡ್ಲಿಲ್ಲ ಕಣ್ಲಾ ಮಗಾ," ಅಂದಳು ಬೀಗಿತ್ತಿ, ಯಾರೂ ಕೇಳುವ ಮೊದಲೇ. ಏನೋ ಮಾಡಿದ್ದಾಳೆ ಎಂದು ಅವನಿಗೆ ಅಲ್ಲೇ ಗೊತ್ತಾಯಿತು.

ನಾನು ಕಂಡದ್ದೆಲ್ಲ ಹೇಳಿದೆ. ತುಂಡು ಮುರಿಯದಿದ್ದದ್ದು, ಮಲಗಿಸಿದ ಬ್ಯಾರನ್, ನಾನು ಹಲಸು ತಟ್ಟಿ ಪೆಚ್ಚಾದದ್ದು, ಕುಂಕುಮ, ಕಿತ್ತ ಪದರ, ಸುಕ್ಕು. ಅವನು ಒಲೆಗೆ ಸೌದೆ ತಳ್ಳುತ್ತಾ ಕೇಳಿದ.

"ಅಂಗಾದ್ರೆ ಕೆಡ್ಸಿದ್ದು ನಮ್ಮವ್ವ, ಏಳಿದ್ದು ನನ್ ಮಗಳು."

"ಊಂ."

"ಮುಚ್ಚಾಕಿದ್ರೆ?"

"ಮುಚ್ಚಾಕಿದ್ರೆ ಇವತ್ತೇ ಜುಟ್ಟಿಡ್ಕಂಡು ಕರ್ಕಂಬತ್ತಿದ್ದೆ. ಮುಚ್ಚಲಿಲ್ಲ. ಅವ್ಳು ಅಲ್ಲೇ ಇರ್ಲಿ."

ಒಲೆಯ ಕೆಂಡ ಕೆದಕಿದ. "ಅಲ್ಲ ಅತ್ತೆಮ್ಮ, ಆ ಇಮಾನ ಮ್ಯಾಕೋದ್ರೆ ನೀವ್ ಕೂತ್ಕತೀರಾ?"

"ಅವ್ಳು ಆಸಿದ್ ಬಾಲ ಇದ್ರೆ ಕೂತ್ಕತೀನಿ. ನಿನ್ ಬೈಕಲ್ ಮಾತ್ರ ಕೂರಾಕಿಲ್ಲ. ಮದ್ಲು ಅದ್ರ ಬ್ರೇಕ್ ಸರಿ ಮಾಡ್ಸು."

ಬಾಗಿಲಲ್ಲಿದ್ದ ನನ್ನ ಮಗಳು ನಕ್ಕುಬಿಟ್ಟಳು. ಅಳಿಯ ಎದ್ದು ಕಿಟಕಿಯಿಂದ ಶಾಖ ನೋಡಿದ. ಮತ್ತೆ ಬಂದು ಕೂತು ಫೋನು ತೆಗೆದ. ಕೆಲಸದಲ್ಲಿ ಇರು ಅಂತಾನೋ, ಬಾ ಅಂತಾನೋ ಎಂದು ನಾವೆಲ್ಲ ಕಿವಿ ಕೊಟ್ಟೆವು.

"ಏನಮ್ಮಿ, ಕ್ಯೂರಿಂಗ್‌ಗೆ ಅಲ್ಲಿ ಶಾಖ ಎಷ್ಟಿಡ್ತಾರೆ?... ಅಷ್ಟಾ? ಎಷ್ಟೊತ್ತು?... ಒಂದೇ ದಿನಕ್ಕಾ! ಅಂಗೆ ಬಿರ್ರನೆ ಏರುಸ್ಬಾರ್ದು ಕಣಮ್ಮಿ, ನಿಮ್ ಮೇಡಂಗೆ ಏಳು. ಮದ್ಲು ನಿದಾನುಕ್ಕೆ... ಆಂ? ಅಲ್ಲೂ ಅಂಗೇ ಮಾಡ್ತೀರಾ? ಅಂಗಾದ್ರೆ ಸರಿ ಬುಡು."

ಹೀಗೇ ಬೆಂಕಿಯ ಮಾತು ಮುಗಿಯಲೇ ಇಲ್ಲ. ಬಾ ಎನ್ನುವ ಮಾತು ಬರಲಿಲ್ಲ, ಅಲ್ಲಿಗೆ ಅದು ತೀರಿತು. ಊಟಕ್ಕೆ ಕೂತಾಗ ಮಗಳು ಅವನ ತಟ್ಟೆಗೆ ಮುದ್ದೆ ಮುಳುಗುವಷ್ಟು ಸಾರು ಬಿಟ್ಟಳು.

ಆಮೇಲೆ ಕಾರ್ಖಾನೆಯ ಗೇಟಿನಲ್ಲಿ ಹೊಸದೊಂದು ಬೋರ್ಡು ಹಾಕಿದ್ದಾರಂತೆ, ಕುಂಕುಮದ ಡಬ್ಬಿಯ ಚಿತ್ರ ಬರೆದು ಅದರ ಮೇಲೆ ಕೆಂಪು ಗೀಟು ಎಳೆದು. ಹುಡುಗಿ ಅದರ ಫೋಟೋ ಕಳುಹಿಸಿದಳು. ಬೀಗಿತ್ತಿ ಆ ಫೋನು ಹಿಡಿದುಕೊಂಡು ಊರೆಲ್ಲ ಸುತ್ತಿ ತೋರಿಸಿ ಬಂದಳು.

"ಅದು ನನ್ ಬೋಲ್ಡು ಕಣೆ," ಅಂದಳು ನನಗೆ. "ನಿನ್ ಅಲಸಿನ ಅಣ್ಣಿಗೆ ಯಾರಾನಾ ಬೋಲ್ಡ್ ಆಕವ್ರಾ?"